ಮುನ್ನೂರೆರಡು ಕಣ್ಣು

ಊರಿಗೊಬ್ಬ ಪೆದ್ದ ಇರಲೇಬೇಕಂತೆ. ಇಲ್ಲದಿದ್ದರೆ ಉಳಿದವರೆಲ್ಲ ಜಾಣರು ಅಂತ ಗೊತ್ತಾಗುವುದಾದರೂ ಹೇಗೆ? ಮರದಹಾಳಿನಲ್ಲಿ ಆ ಕೆಲಸ ಜಂಬಣ್ಣನ ಪಾಲಿಗೆ ಬಂದಿತ್ತು. ವಯಸ್ಸು ಮೂವತ್ತೆಂಟು, ಮೀಸೆ ದಪ್ಪ, ಬುದ್ಧಿ ಮಾತ್ರ ಚಟಾಕು. ಆದರೆ ಕೈ? ಕೈ ಬಂಗಾರ! ಅವನದು ಮರದ ಗೊಂಬೆ ಮಾಡುವ ಮನೆತನ. ಕುಂಚ ಕೊಟ್ಟರೆ ಸಾಸಿವೆ ಕಾಳಿನ ಮೇಲೆ ಕುದುರೆ ಬರೆದಾನು. ಮಾತು ಹೇಳಿದರೆ ಮಾತ್ರ ಕೆಟ್ಟಿತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಆದರೆ ಇಲ್ಲಿ ಹೇಳಿದ್ದನ್ನು ಅಲ್ಲಿ ಮಾಡುವವನು!

ಅವನ ಅವ್ವ ಪದ್ದವ್ವ. ಅವಳಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವಳು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ, ಆದರೆ ಈ ಹೆಗ್ಗಣ ತಾನು ಸತ್ತ ಮೇಲೆ ಯಾವ ಬಿಲ ಸೇರುತ್ತದೋ ಅಂತ ಅವಳಿಗೆ ಹಗಲೆಲ್ಲ ಅದೇ ಚಿಂತೆ.

"ಜಂಬ್ಯಾ, ನನ್ನ ಉಸಿರು ಇರೂದರೊಳಗ ನಿನಗೊಂದು ನೆಲೆ ಆಗಬೇಕೋ!"

"ಆಗಲಿ ಬಿಡಬೇ."

"ಆಗಲಿ ಅಂದ್ರ ಆಗತೈತೇನೋ ಖೋಡಿ!"

ಅಂಥ ಹೊತ್ತಿಗೆ ಊರಿಗೆ ಹೊಸ ದನದ ಡಾಕ್ಟರು ಬಂದರು. ಶೇಷಗಿರಿ ಅಂತ ಹೆಸರು. ನಲವತ್ತೈದರ ಗಂಡಸು, ಮೂಗಿನ ಮೇಲೆ ದಪ್ಪ ಕನ್ನಡಕ, ಎಮ್ಮೆಯ ಹೊಟ್ಟೆಗೆ ಮೊಣಕೈತನಕ ಕೈ ಹಾಕಿ ಕರು ಎಳೆಯುವವರು. ಮನೆಗೆ ಬಂದು ಕೈ ತೊಳೆದರೆ ಕೂರುವುದು ಎಲ್ಲಿ? ಗೊಂಬೆಗಳ ಮುಂದೆ! ಸೂಪರ್‌ಹೀರೋ ಗೊಂಬೆಗಳು. ಗೇಣುದ್ದದ ಪ್ಲಾಸ್ಟಿಕ್ ವೀರರು. ಬೆನ್ನಿಗೆ ರುಮಾಲು ಕಟ್ಟಿದವರು, ಹಣೆಗೆ ಪಟ್ಟಿ ಸುತ್ತಿದವರು, ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟವರು. ಗಾಜಿನ ಕಪಾಟಿನಲ್ಲಿ ಸಾಲಾಗಿ ನೂರೈವತ್ತು. ಬರೀ ಕೂಡಿಡುವ ಹುಚ್ಚಲ್ಲ. ಒಬ್ಬನ ತಲೆ ಕಿತ್ತು ಇನ್ನೊಬ್ಬನಿಗೆ ಹಾಕುವುದು, ಬಣ್ಣ ಬದಲಿಸುವುದು, ಹೊಸ ಅಂಗಿ ಹೊಲಿಯುವುದು, ಹೀಗೆ ಲೋಕದಲ್ಲಿ ಯಾರ ಬಳಿಯೂ ಇಲ್ಲದ ವೀರನನ್ನು ತಾವೇ ಮಾಡುವುದು. ಅದಕ್ಕೆ ನುರಿತ ಕೈ ಬೇಕಲ್ಲ?

ಡಾಕ್ಟರು ಪದ್ದವ್ವನ ಮನೆಗೇ ಬಂದರು. "ನಿಮ್ಮ ಮಗನನ್ನ ಕಳಿಸಿರಿ. ಕೆಲಸ ಹೊಂದಿದರೆ ಊಟ ವಸತಿ ಎಲ್ಲಾ ನಮ್ಮಲ್ಲೇ. ಕಡೀತನಕ ಇರಲಿ."

ಪದ್ದವ್ವನಿಗೆ ಅಂದು ಉಸಿರು ಸಲೀಸಾಗಿ ಆಡಿತು. ಮಗನನ್ನು ಕೂರಿಸಿಕೊಂಡು ಹೇಳಿದಳು, "ಕೇಳೋ, ಹಳೇ ಬಣ್ಣದ ಮ್ಯಾಲ ಹೊಸಾ ಬಣ್ಣ ಹಿಡಿಯೂದಿಲ್ಲ. ಮೊದಲ ಕೆರಿ. ನುಣ್ಣಗ ಕೆರಿ. ಇದನ್ನ ಮರೀಬ್ಯಾಡ!"

ಜಂಬಣ್ಣ ತಲೆಯಾಡಿಸಿದ. ಮರೆಯದಿರಲೆಂದು ಟವೆಲಿನ ತುದಿಗೆ ಒಂದು ಗಂಟು ಹಾಕಿಕೊಂಡ. ನಡೆದ.

ಡಾಕ್ಟರು ಇನ್ನೂ ಕಪಾಟು ಸೇರದ ಒಬ್ಬ ಕೆಂಪು ವೀರನನ್ನು ಕೈಗಿಟ್ಟರು. "ಇವನ ಕುತ್ತಿಗೆ ಬಿಗಿದದ. ತಿರುಗೋ ಹಂಗ ಮಾಡಿಡು." ಇಷ್ಟು ಹೇಳಿ ದನದ ಆಸ್ಪತ್ರೆಗೆ ಹೋದರು. ಜಂಬಣ್ಣ ಗಂಟು ಮುಟ್ಟಿ ನೋಡಿಕೊಂಡ. ಕೆರಿ! ಕೆರೆದ. ಎದೆ ಕೆರೆದ, ತೊಡೆ ಕೆರೆದ, ಮುಖ ಕೆರೆದ. ಡಾಕ್ಟರು ಬರುವ ಹೊತ್ತಿಗೆ ಮೇಜಿನ ಮೇಲೆ ಮುಖವೇ ಇಲ್ಲದ ಒಬ್ಬ ನಿಂತಿದ್ದ. ಕೋಳಿಮೊಟ್ಟೆಯ ಹಾಗೆ ನುಣುಪು ತಲೆ. ಅದು ಈಚೆ ನೋಡುತ್ತಿದೆಯೋ ಆಚೆ ನೋಡುತ್ತಿದೆಯೋ ತಿಳಿಯದೆ ಡಾಕ್ಟರ ಹೆಂಡತಿ ಸುಲೋಚನಾಬಾಯಿ ಅದರ ಮುಂದೆಯೂ ಹಾಯಲಿಲ್ಲ, ಹಿಂದೆಯೂ ಹಾಯಲಿಲ್ಲ.

"ಏನ್ಮಾಡಿದ್ಯೋ ಪುಣ್ಯಾತ್ಮಾ! ಮುಖಾ ಎಲ್ಲಿ ಹೋತೋ?"

"ಕೆರದೀನ್ರಿ."

"ಕುತ್ತಿಗೆ ಬಿಗಿದಿದ್ದರೆ ಕೆರೀತಾರೇನೋ? ಬಿಸಿನೀರು ಹಾಕಬೇಕು! ಮೆತ್ತಗಾದ ಮೇಲೆ ತಲೆ ಹಿಡಿದು ತಿರುವಬೇಕು! ತಿಳೀತೇನು?"

ತಿಳಿಯಿತು. ಜಂಬಣ್ಣ ಹಳೆಯ ಗಂಟು ಬಿಚ್ಚಿ ಹೊಸ ಗಂಟು ಹಾಕಿಕೊಂಡ. ನಡೆದ.

ಮರುದಿನ ಪಕ್ಕದ ಮನೆಯ ಯಂಕಪ್ಪಜ್ಜ ಕಟ್ಟೆಯ ಮೇಲೆ ಕೂತು ನರಳುತ್ತಿದ್ದ. "ಕುತಿಗಿ ಹಿಡದೈತೋ ತಮ್ಮಾ, ಅತ್ತಾಗೂ ಬರವಲ್ದು, ಇತ್ತಾಗೂ ಬರವಲ್ದು."

"ಅಷ್ಟೇ ಏನಜ್ಜಾ? ತಡಿ!"

ಒಲೆಯ ಮೇಲಿದ್ದ ಬಿಸಿನೀರು ತಂದ, ಅಜ್ಜನ ಕುತ್ತಿಗೆಗೆ ಸುರಿದ, ಎರಡೂ ಕೈಯಿಂದ ತಲೆ ಹಿಡಿದು ತಿರುವಿದ. ಲಟಕ್! ಅಜ್ಜನ ಗದ್ದ ಹೆಗಲ ಮೇಲೆ ಬಂದು ಕೂತಿತು. ಬಾಯಿ ತೆರೆದೇ ಇತ್ತು, ಕೂಗು ಮಾತ್ರ ಬರಲಿಲ್ಲ. ಓಣಿಯವರೆಲ್ಲ ಸೇರಿ, ಎಣ್ಣೆ ತಿಕ್ಕಿ, ಅಜ್ಜನನ್ನು ಉಳಿಸಿಕೊಂಡರು. ಉಳಿದದ್ದೇನೋ ಉಳಿದ. ಆದರೆ ಅಂದಿನಿಂದ ಎದುರಿಗೆ ನಿಂತವರ ಜೊತೆ ಮಾತಾಡುವಾಗಲೂ ಅಜ್ಜ ಎಡಕ್ಕೇ ನೋಡುತ್ತಿದ್ದ. ಅಲ್ಲಿ ಇನ್ನೊಬ್ಬರು ನಿಂತಿದ್ದಾರೇನೋ ಅಂತ ಎದುರಿಗಿದ್ದವರೂ ತಿರುಗಿ ನೋಡುವರು. ಯಾರೂ ಇರುತ್ತಿರಲಿಲ್ಲ.

ಪದ್ದವ್ವ ಎದೆ ಎದೆ ಬಡಿದುಕೊಂಡಳು. "ಅವರು ಹೇಳಿದ್ದು ಗೊಂಬಿಗೋ, ಮನಿಶ್ಯಾಗಲ್ಲೋ! ನೋವಾದವರನ್ನ ಮಲಗಸಬೇಕು, ಮ್ಯಾಲ ಬಿಳೀ ಅರಿವಿ ಹೊಚ್ಚಬೇಕು, ಏಳೂತನಕ ಸಪ್ಪಳಿಲ್ಲದ ಬಾಜೂಕ ಕುಂದರಬೇಕು!"

"ಹಂಗ ಮಾಡತೀನಿ ಬಿಡಬೇ."

ಗಂಟು ಬಿಚ್ಚಿದ, ಗಂಟು ಹಾಕಿದ. ನಡೆದ.

ಆ ವಾರ ಡಾಕ್ಟರು ನೂರೈವತ್ತೂ ವೀರರನ್ನು ಪೆಟ್ಟಿಗೆಗೆ ತುಂಬಿಕೊಂಡು ದೂರದ ಊರಲ್ಲಿ ನಡೆದ ಗೊಂಬೆ ಹುಚ್ಚರ ಮೇಳಕ್ಕೆ ಹೋಗಿದ್ದರು. ಹೌದ್ರೀ, ಅಂಥ ಹುಚ್ಚರು ಊರೂರಿಗೂ ಇದ್ದಾರೆ. ಬರುವಾಗ ಬಸ್ಸಿನ ಕುಲುಕಾಟಕ್ಕೆ ಎಲ್ಲರ ಕೈಕಾಲೂ ಕಳಚಿದ್ದವು. "ಜೋಡಿಸಿಡು" ಅಂತ ಜಂಬಣ್ಣನಿಗೆ ಹೇಳಿ ಡಾಕ್ಟರು ಕೆಲಸಕ್ಕೆ ಹೋದರು. ಜಂಬಣ್ಣ ಒಂದೂ ತಪ್ಪದೆ ಜೋಡಿಸಿದ. ಆಮೇಲೆ ಅವನಿಗೆ ಪಾಪ ಅನ್ನಿಸಿತು. ಎಷ್ಟು ನೋವಾಗಿರಬೇಕು ಇವಕ್ಕೆ! ಗಂಟು ಮುಟ್ಟಿಕೊಂಡ. ಡಾಕ್ಟರ ಚೀಲದಲ್ಲಿ ಗಾಯಕ್ಕೆ ಕಟ್ಟುವ ಬಿಳಿ ಬಟ್ಟೆ ಇತ್ತು, ಔಷಧಿಯ ಸ್ಪಿರಿಟ್ಟಿನಲ್ಲಿ ನೆನೆದದ್ದು. ತುಂಡು ಮಾಡಿದ. ಒಬ್ಬೊಬ್ಬನನ್ನೇ ನೆಲದ ಮೇಲೆ ಮಲಗಿಸಿದ, ಮುಖದ ತನಕ ಹೊದಿಸಿದ.

ಪೇಟೆಯಿಂದ ಬಂದ ಸುಲೋಚನಾಬಾಯಿ ಬಾಗಿಲು ತೆರೆದರು. ನಡುಮನೆಯ ತುಂಬ ಬಿಳಿ ಬಟ್ಟೆ ಹೊದ್ದ ಪುಟ್ಟ ಪುಟ್ಟ ದೇಹಗಳು, ಸಾಲಿಗೆ ಹದಿನೈದರಂತೆ ಹತ್ತು ಸಾಲು. ನಡುವೆ ಜಂಬಣ್ಣ, ತುಟಿಯ ಮೇಲೆ ಬೆರಳು.

"ಶ್! ಇನ್ನೂ ಎದ್ದಿಲ್ರಿ."

ಅವರು ಕಿಟ್ಟನೆ ಕಿರುಚಿದರು. ಕಿರುಚಿದ್ದು ಕೇಳಿ ಎದುರುಮನೆಯ ಈರವ್ವ ಓಡಿ ಬಂದಳು, ನೋಡಿದವಳೇ "ಅಯ್ಯಯ್ಯೋ ನನ್ನ ಕೂಸುಗಳಿರಾ" ಅಂತ ಅಳಲು ಸುರುಮಾಡಿದಳು. ಅವಳ ಅಳು ಕೇಳಿ ಓಣಿಯೇ ಬಂತು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಮಾತಿಲ್ಲದೆ ಗೋಡೆಗುಂಟ ಕೂತರು. ಯಾರೋ ತಲೆದೆಸೆಗೆ ದೀಪ ಹಚ್ಚಿದರು. ಡಾಕ್ಟರು ಬಂದಾಗ ಮನೆ ತುಂಬ ಜನ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಯಾರಿಗೋಸ್ಕರ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಡಾಕ್ಟರು ಒಂದು ಬಟ್ಟೆ ಎತ್ತಿದರು. ಕೆಳಗಿದ್ದ ವೀರನಿಗೆ ಕಣ್ಣಿರಲಿಲ್ಲ. ಸ್ಪಿರಿಟ್ಟಿಗೆ ಬಣ್ಣ ಬಿಟ್ಟು ಎರಡೂ ಕಣ್ಣು ಬಟ್ಟೆಗೆ ಅಂಟಿಕೊಂಡಿದ್ದವು, ಬಟ್ಟೆಯೇ ಅವರನ್ನು ನೋಡುತ್ತಿತ್ತು. ಇನ್ನೊಂದು ಎತ್ತಿದರು. ಅದೂ ಹಾಗೇ. ನೂರೈವತ್ತೂ ಹಾಗೇ.

"ನಾಳಿಂದ ಈ ಕಡೆ ತಲೆ ಹಾಕಬೇಡ! ಹೋಗು!"

ಅಷ್ಟರಲ್ಲಿ ಪದ್ದವ್ವ ಏದುಸಿರು ಬಿಡುತ್ತ ಬಂದಳು. ಹೊಸ್ತಿಲಲ್ಲೇ ಕುಸಿದು ಕೂತು ಕೈ ಮುಗಿದಳು. "ಇನ್ನೊಂದ ಸಲ ನೋಡ್ರಿ ನಮ್ಮಪ್ಪಾ. ಎಲ್ಲಾ ಕಣ್ಣೂ ಬರದ ಕೊಡತಾನ. ಈ ಮನಿ ಬಿಟ್ರ ಅವಂಗ ಯಾವ ಮನೀನೂ ಇಲ್ಲರಿ." ಡಾಕ್ಟರಿಗೆ ಅವಳ ಉಸಿರಾಟ ಕೇಳಲಾಗಲಿಲ್ಲ. "ಆಗಲಿ. ಇದೇ ಕಡೀದು" ಅಂದರು.

ಮನೆಗೆ ಬಂದು ಪದ್ದವ್ವ ಗೋಡೆಗೆ ಒರಗಿ ಉಸಿರು ಸುಧಾರಿಸಿಕೊಂಡಳು. ಆಮೇಲೆ, ತನ್ನ ಗಂಡ ಹೇಳಿಕೊಟ್ಟಿದ್ದನ್ನು, ಅವನಿಗೆ ಅವನಪ್ಪ ಹೇಳಿಕೊಟ್ಟಿದ್ದನ್ನು, ಮಗನಿಗೆ ಹೇಳಿದಳು.

"ಕಣ್ಣಿಲ್ಲದ್ದು ಬರೀ ಕಟಗಿ. ಕೂಗಿದ್ರೂ ಓ ಅನ್ನೂದಿಲ್ಲ. ಕಣ್ಣು ಬರದಿ ಅಂದ್ರ ಜೀವ ಬಂದು ಕುಂದರತೈತಿ. ಎದುರಿಗೆ ನಿಂತು ಬರೀಬ್ಯಾಡ ಮತ್ತ! ಬೆನ್ನ ಹಿಂದ ನಿಂದರು, ಮುಂದ ಕನ್ನಡಿ ಇಡು, ಕನ್ನಡಿ ನೋಡಿ ಬರಿ. ಮೊದಲನೇ ನೋಟ ಕನ್ನಡೀಗೆ ಬೀಳಲಿ. ಅದನ್ನ ತಡಕೊಳ್ಳೂದು ಮನಿಶ್ಯಾರ ಕೈಲೆ ಆಗೂದಿಲ್ಲ."

ಗಂಟು ಬಿಚ್ಚಿದ. ಗಂಟು ಹಾಕಿದ. ಈ ಸಲ ಬಿಗಿಯಾಗಿ ಹಾಕಿದ. ನಡೆದ.

ಎಂಟು ದಿನ ಬರೆದ. ಒಂದು ಕುಂಚ, ಒಂದು ಕನ್ನಡಿ, ಮುನ್ನೂರು ಕಣ್ಣು. ಒಂಬತ್ತನೆಯ ದಿನ ಬೆಳಿಗ್ಗೆ ಡಾಕ್ಟರು ಕಪಾಟಿನ ಮುಂದೆ ನಿಂತರು, ನಿಂತೇ ಬಿಟ್ಟರು. ನೂರೈವತ್ತು ವೀರರು ಅವರನ್ನೇ ನೋಡುತ್ತಿದ್ದರು. ಡಾಕ್ಟರು ಎಡಕ್ಕೆ ಸರಿದರು, ವೀರರೂ ಎಡಕ್ಕೆ ನೋಡಿದರು. ಬಲಕ್ಕೆ ಸರಿದರು, ಬಲಕ್ಕೆ ನೋಡಿದರು. ಮನೆಯ ಬೆಕ್ಕು ಹೊಸ್ತಿಲ ತನಕ ಬಂದು, ಬಾಲ ಉಬ್ಬಿಸಿ, ಹಿಂದಕ್ಕೆ ಹಿಂದಕ್ಕೇ ನಡೆದು ಹೋಯಿತು. ಸುಲೋಚನಾಬಾಯಿ ಸೆರಗು ತುಂಬ ಹೊದ್ದುಕೊಂಡು, "ಇವರ ಮುಂದೆ ಊಟಕ್ಕ ಕೂಡೋದು ಹೆಂಗ್ರೀ? ತುತ್ತು ಎಣಸ್ತಾರ" ಅಂದರು. ಡಾಕ್ಟರ ಮೈ ಜುಮ್ಮೆಂದಿತ್ತು. ಭಯವೋ ಸಂತೋಷವೋ ಅವರಿಗೇ ತಿಳಿಯದು.

"ಜಂಬಣ್ಣಾ, ನಿನ್ನ ಕೈಗೆ ನಮಸ್ಕಾರ ಮಾರಾಯಾ! ಇನ್ನು ನೀನು ಇಲ್ಲೇ ಇರು. ನಿಮ್ಮವ್ವಗ ಹೇಳು, ಸಂಜೀಕ ನಾನೂ ಬಂದು ಹೇಳ್ತೀನಿ."

ಜಂಬಣ್ಣ ಬೈಗುಳಕ್ಕೆ ಕಾದು ನಿಂತ. ಬೈಗುಳ ಬರಲಿಲ್ಲ. ಹೊಸ ಮಾತು ಹೇಳಿಯಾರೆಂದು ಕಾದ. ಹೇಳಲಿಲ್ಲ. ಹೊಸ ಮಾತು ಇಲ್ಲವೆಂದ ಮೇಲೆ ಹಳೆಯ ಗಂಟು ಬಿಚ್ಚುವುದು ಹೇಗೆ? ಹಾಗೇ ಹೆಗಲಿಗೆ ಹಾಕಿಕೊಂಡು ಮನೆಗೆ ಓಡಿದ.

"ಯವ್ವಾ! ಯಾರೂ ಬೈಲಿಲ್ಲಬೇ! ಅಲ್ಲೇ ಇರು ಅಂದ್ರಬೇ!"

ಪದ್ದವ್ವ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ಓ ಅನ್ನಲಿಲ್ಲ. ಮತ್ತೆ ಕೂಗಿದ. ಓ ಅನ್ನಲಿಲ್ಲ. ಕೈ ಮುಟ್ಟಿದ, ಕಟ್ಟಿಗೆಯ ಹಾಗಿತ್ತು. ಜಂಬಣ್ಣನಿಗೆ ಹುಟ್ಟಿದಂದಿನಿಂದ ಆಗದಷ್ಟು ಹೆದರಿಕೆಯಾಯಿತು. ಏನು ಮಾಡಬೇಕು? ಯಾರನ್ನು ಕೇಳಬೇಕು? ಕೇಳಬೇಕಾದವಳು ಅವಳೇ. ಕೈ ತಾನಾಗಿ ಟವೆಲಿಗೆ ಹೋಯಿತು. ಗಂಟು ಇತ್ತು!

ಅವ್ವನ ಬೆನ್ನಿಗೂ ಗೋಡೆಗೂ ನಡುವೆ ತೂರಿ ಕೂತ. ಅವಳನ್ನು ಎದೆಗೆ ಒರಗಿಸಿಕೊಂಡ. ಮುಂದೆ ಕನ್ನಡಿ ಇಟ್ಟ. ಮುಚ್ಚಿದ ರೆಪ್ಪೆಗಳ ಮೇಲೆ ಮೊದಲು ಬಿಳಿ, ಆಮೇಲೆ ಕಪ್ಪು, ಕಡೆಗೆ ಸೂಜಿಮೊನೆಯಷ್ಟು ಮಿಂಚು. ಅಷ್ಟು ಚೆಂದದ ಕಣ್ಣು ಅವನು ಹಿಂದೆಂದೂ ಬರೆದಿರಲಿಲ್ಲ. ಕನ್ನಡಿಯಲ್ಲಿ ಅವ್ವನ ಹೆಗಲ ಮೇಲೆ ಅವನ ಮುಖವೂ ಇತ್ತು. ಮೊದಲನೇ ನೋಟ ಅವನ ಮೇಲೇ ಬಿತ್ತು.

"ಎದ್ದಿ ಏನಬೇ?" ಅಂದ. ಅವಳು ನೋಡಿದಳು. ಜಂಬಣ್ಣನಿಗೆ ಹೋದ ಜೀವ ಬಂದಂತಾಯಿತು. ಅವಳನ್ನು ಮೊದಲಿನಂತೆ ಗೋಡೆಗೆ ಒರಗಿಸಿ, ಅಡುಗೆಗೆ ಒಲೆ ಹಚ್ಚಿದ.

ಮಧ್ಯಾಹ್ನ ಈರವ್ವ ಜರಡಿ ಕೇಳಲು ಬಂದಳು. "ಏನಬೇ ಪದ್ದಕ್ಕಾ, ಇವತ್ತ ಭಾಳ ಗೆಲುವ ಕಾಣತಿ! ಉಸಿರಿನ ಸಪ್ಪಳನ ಇಲ್ಲ!" ಅಂತ ಕೂತು ಸೊಸೆಯ ದೂರು ಹೇಳಿದಳು. ಪದ್ದವ್ವ ನಡುವೆ ಬಾಯಿ ಹಾಕಲಿಲ್ಲ. ಈರವ್ವನಿಗೆ ಅದು ಎಷ್ಟು ಹಿತವಾಯಿತೆಂದರೆ, ಸೊಸೆಯ ತಾಳಿಸರ ಬಚ್ಚಿಟ್ಟವಳು ತಾನೇ ಅನ್ನುವುದನ್ನೂ ಹೇಳಿಬಿಟ್ಟಳು. ಎದ್ದು ಹೋಗುವಾಗ ಬೆನ್ನಿಗೆ ಯಾರೋ ಬೆರಳಿಟ್ಟ ಹಾಗಾಯಿತು. ತಿರುಗಿ ನೋಡಿದಳು. ಪದ್ದವ್ವ ನೋಡುತ್ತಲೇ ಇದ್ದಳು. ಈರವ್ವ ಸರವನ್ನು ತೆಗೆದು ಸೊಸೆಗೆ ಕೊಡಲು ಓಡಿದಳು, ಜರಡಿ ಅಲ್ಲೇ ಉಳಿಯಿತು. ಯಂಕಪ್ಪಜ್ಜ ಬಂದ, ಎಡಕ್ಕೆ ನೋಡುತ್ತ ತಾಸುಗಟ್ಟಲೆ ಮಾತಾಡಿ ಹೋದ. ಅವನಿಗಂತೂ ಏನೂ ಗೊತ್ತಾಗಲಿಲ್ಲ.

ಸಂಜೆ ಬಿಸಿಲಿರುವಾಗಲೇ ಡಾಕ್ಟರು ಬಂದರು. "ಅವ್ವಾ, ಮಗನ ಚಿಂತೆ ಬಿಡಿರಿ. ಅವನು ಇನ್ನು ನಮ್ಮವನು. ಮಾತು ಕೊಟ್ಟೀನಿ." ಪದ್ದವ್ವ ರೆಪ್ಪೆ ಬಡಿಯದೆ ಕೇಳಿದಳು. ಒಂದು ನೊಣ ಹಾರಿ ಬಂದು ಅವಳ ಬಲಗಣ್ಣಿನ ಕಪ್ಪಿನ ಮೇಲೆ ಕೂತಿತು. ಕಾಲು ಉಜ್ಜಿಕೊಂಡಿತು. ಅತ್ತಿತ್ತ ನಡೆಯಿತು. ಡಾಕ್ಟರು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದರು.

"ಜಂಬಣ್ಣಾ... ಅವ್ವ ಹೋದಳೋ."

"ಎಲ್ಲಿ ಹೋಗ್ಯಾಳ್ರಿ? ಇಲ್ಲೇ ಕುಂತಾಳ. ನಿಮ್ಮನ್ನ ನೋಡಾಕತ್ತಾಳ."

ಡಾಕ್ಟರು ಬೈಯಬೇಕೆಂದು ಬಾಯಿ ತೆರೆದರು. ಅಳು ಬಂತು.

ಮರುದಿನ ಬೆಳಿಗ್ಗೆ ಹಳ್ಳದ ದಂಡೆಗೆ ಮಣ್ಣು ಮಾಡಲು ಒಯ್ದರು. ಮೈ ತೊಳೆಯುವಾಗ ಕಣ್ಣು ಒರೆಸಿರೆಂದು ಹಿರಿಯರು ಹೇಳಿದ್ದರು. ಈರವ್ವ ಒದ್ದೆ ಬಟ್ಟೆ ಹಿಡಿದು ಬಗ್ಗಿದಳು, ಹಿಂದಕ್ಕೆ ಸರಿದಳು. ಇನ್ನೊಬ್ಬಳು ಬಗ್ಗಿದಳು, ಅವಳೂ ಸರಿದಳು. ನೋಡುತ್ತಿರುವವಳ ಕಣ್ಣು ಒರೆಸುವುದು ಯಾರಿಂದ ಆದೀತು? ಹಾಗೇ ಕುಣಿಯಲ್ಲಿ ಇಳಿಸಿದರು. ಎಲ್ಲರೂ ಹಿಡಿ ಮಣ್ಣು ತೆಗೆದುಕೊಂಡರು.

"ಹಾಕಬ್ಯಾಡ್ರೋ!" ಜಂಬಣ್ಣ ಕುಣಿಗೆ ಜಿಗಿದ. "ಕಣ್ಣಾಗ ಬೀಳತೈತಿ!"

ಹಿಡಿದ ಮಣ್ಣು ಹಿಡಿದಲ್ಲೇ ನಿಂತಿತು. ಯಾರಿಗೂ ಕೈ ಏಳಲಿಲ್ಲ. ಜಂಬಣ್ಣ ಸುತ್ತ ನೋಡಿದ. ಅಂಚಿಗೆ ಬಂದು, ಡಾಕ್ಟರ ಮೂಗಿನ ಮೇಲಿದ್ದ ದಪ್ಪ ಗಾಜಿನ ಕನ್ನಡಕ ಕಿತ್ತು, ಅವ್ವನ ಕಣ್ಣಿಗೆ ನೀಟಾಗಿ ಹಾಕಿದ. ಎರಡೂ ಕಡ್ಡಿಗಳನ್ನು ಕಿವಿಯ ಹಿಂದೆ ಸಿಕ್ಕಿಸಿದ. ಮೇಲೆ ಹತ್ತಿ ಬಂದ.

"ಹಾಂ. ಈಗ ಹಾಕ್ರಿ."

ಹಾಕಿದರು.

ಕನ್ನಡಕವಿಲ್ಲದ ಡಾಕ್ಟರಿಗೆ ಮೊಳದಾಚೆಗೆ ಏನೂ ಕಾಣದು. ಜಂಬಣ್ಣನೇ ಕೈ ಹಿಡಿದು ಮನೆಗೆ ಕರೆದುಕೊಂಡು ಹೊರಟ. "ಇಲ್ಲೆ ತೆಗ್ಗೈತಿ, ದಾಟ್ರಿ." ದಾಟಿದರು. "ಇಲ್ಲೆ ಬಗ್ಗ್ರಿ, ಜಾಲಿಮುಳ್ಳೈತಿ." ಬಗ್ಗಿದರು. ಅವನು ಹೇಳಿದ ಹಾಗೇ, ಹೇಳಿದಷ್ಟೇ ಮಾಡುತ್ತ ನಡೆದರು.

"ಇಲ್ಲೆ ಕಲ್ಲೈತಿ. ಕಾಲೆತ್ತ್ರಿ."

ಡಾಕ್ಟರು ಕಾಲೆತ್ತಿದರು. ಅಷ್ಟರಲ್ಲಿ ಜಂಬಣ್ಣ ಹಿಂದಕ್ಕೆ ತಿರುಗಿ, ಹಸಿಮಣ್ಣಿನ ಆ ಗುಡ್ಡೆಯನ್ನೇ ನೋಡುತ್ತ ನಿಂತುಬಿಟ್ಟ. ಇಳಿಸ್ರಿ ಅಂತ ಹೇಳುವುದು ಅವನಿಗೆ ಮರೆತೇ ಹೋಯಿತು. ಹಳ್ಳದ ದಂಡೆಯಲ್ಲಿ, ಬಿಸಿಲು ಏರುವ ತನಕ, ಡಾಕ್ಟರು ಅವನ ಕೈ ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತೇ ಇದ್ದರು.