ಎರಡನೆಯ ಕಹಳೆಯವನು

"ಗುರುಗಳೇ, ನಾಳೆಯ ಸಭೆಗಾಗಿ ಗ್ರಂಥಗಳನ್ನು ಹುಡುಕಿದವನು ನಾನು, ಉತ್ತರಗಳನ್ನು ಜೋಡಿಸಿಕೊಟ್ಟವನು ನಾನು. ಎದ್ದು ನಿಂತು ವಾದಿಸುವವನು ಮಾತ್ರ ನನ್ನ ಜೊತೆಗಾರ. ಅವನು ಗೆದ್ದರೆ ಆ ಗೆಲುವಿನಲ್ಲಿ ನನ್ನ ಪಾಲೆಷ್ಟು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. "ಪಾಲು ಆಮೇಲೆ ಹಂಚೋಣ. ಮೊದಲು ಕತೆ ಕೇಳು" ಎಂದು ಹೇಳತೊಡಗಿದರು.

ಒಬ್ಬ ರಾಜನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು. ಅರಮನೆಯಲ್ಲಿ ದೊಡ್ಡ ವಾದ್ಯವೃಂದವನ್ನೇ ಸಾಕಿದ್ದ. ಮುಂದೆ ಪಿಟೀಲಿನವರು, ಅವರ ಹಿಂದೆ ಕೊಳಲಿನವರು, ಎಲ್ಲರಿಗಿಂತ ಹಿಂದೆ ಹಿತ್ತಾಳೆಯ ಕಹಳೆಯವರು. ಪಿಟೀಲಿನವನೊಬ್ಬ ತಪ್ಪಿದರೆ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಕಹಳೆಯವನು ತಪ್ಪಿದರೆ ಹೆಬ್ಬಾಗಿಲ ಕಾವಲುಗಾರನಿಗೂ ಗೊತ್ತಾಗುತ್ತದೆ.

ಕಹಳೆಯವರು ಇಬ್ಬರು. ಮೊದಲನೆಯವನು ಹಿರಿಯ. ಎರಡನೆಯವನು ಕಿರಿಯ, ಬಲವಾದ ಉಸಿರು, ಅಷ್ಟೇ ಬಲವಾದ ಆಸೆ. ರಾಜನ ವರ್ಧಂತಿಗೆ ನುಡಿಸಬೇಕಾಗಿದ್ದ ಕೃತಿಯ ಕೊನೆಯಲ್ಲಿ ಉಳಿದ ವಾದ್ಯಗಳೆಲ್ಲ ನಿಂತು ಕಹಳೆಯೊಂದೇ ನುಡಿಯಬೇಕು. ಮೆಲ್ಲಗೆ ಶುರುವಾಗಿ, ಏರುತ್ತ ಹೋಗಿ, ತುತ್ತತುದಿಯ ಸ್ವರದಲ್ಲಿ ನಿಲ್ಲಬೇಕು. ಆ ಭಾಗ ಹಿರಿಯನದು. ಹಿಂದಿನ ವರ್ಷ ಅದೇ ಸ್ವರ ಒಡೆದು ಸಭೆ ನಕ್ಕಿತ್ತು. ಈ ಸಲವೂ ಒಡೆದರೆ ಅವನ ಸ್ಥಾನ ಎರಡನೆಯವನಿಗೆ ಎಂದು ವೃಂದದ ನಾಯಕ ಎಲ್ಲರೆದುರೇ ಹೇಳಿಬಿಟ್ಟಿದ್ದ.

ಕಹಳೆಯಲ್ಲಿ ನುಡಿಯುವುದು ಹಿತ್ತಾಳೆಯಲ್ಲ, ತುಟಿ. ತುಟಿ ದಣಿದರೆ ಎತ್ತರದ ಸ್ವರ ಒಡೆಯುತ್ತದೆ. ಅದಕ್ಕೇ ಅಲ್ಲೊಂದು ರೂಢಿಯಿತ್ತು. ನಡುವೆ ಬರುವ ಅಬ್ಬರದ ಭಾಗಗಳನ್ನೆಲ್ಲ ಎರಡನೆಯವನು ಊದಬೇಕು, ಮೊದಲನೆಯವನು ಕೊನೆಗಾಗಿ ತುಟಿಯನ್ನು ಉಳಿಸಿಕೊಳ್ಳಬೇಕು. ಎರಡನೆಯವನು ಸೋತರೆ ಆ ಭಾರವೂ ಮೊದಲನೆಯವನ ಮೇಲೆಯೇ ಬೀಳುತ್ತದೆ.

ವರ್ಧಂತಿಯ ದಿನ ಸಭೆ ಕಿಕ್ಕಿರಿದಿತ್ತು. ಎರಡನೆಯವನು ಊದಿದ, ಊದಿದ, ಕೊನೆಯ ಅಬ್ಬರ ಬರುವ ಹೊತ್ತಿಗೆ ಅವನ ತುಟಿ ಉರಿಯುತ್ತಿತ್ತು. ಆಗ ಅವನಿಗೆ ಹೊಳೆಯಿತು, ಒಂದಿಷ್ಟು ಸಡಿಲಬಿಟ್ಟರೆ ಸಾಕು. ಹಿರಿಯ ಕೈಜೋಡಿಸಲೇಬೇಕಾಗುತ್ತದೆ, ಅವನ ತುಟಿ ದಣಿಯುತ್ತದೆ, ಸ್ವರ ಒಡೆಯುತ್ತದೆ. ಸ್ಥಾನ ತನ್ನದಾಗುತ್ತದೆ. ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಓರೆಗಣ್ಣಿನಿಂದ ಪಕ್ಕಕ್ಕೆ ನೋಡಿದ. ಹಿರಿಯನು ಕಹಳೆಯನ್ನು ಮಡಿಲಲ್ಲಿಟ್ಟುಕೊಂಡು, ಬೆವರುತ್ತ, ಇವನನ್ನೇ ನಂಬಿ ಕುಳಿತಿದ್ದ. ಎರಡನೆಯವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಇದ್ದಬದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಊದಿದ. ಆ ಭಾಗ ಮುಗಿದಾಗ ಅವನ ತುಟಿ ಜೋಮು ಹಿಡಿದಿತ್ತು.

ವಾದ್ಯಗಳು ಒಂದೊಂದಾಗಿ ನಿಲ್ಲತೊಡಗಿದವು. ಪಿಟೀಲುಗಳಷ್ಟೇ ಸಣ್ಣಗೆ ಉಳಿದಿದ್ದವು. ಹಿರಿಯನು ಕಹಳೆಯನ್ನು ಎತ್ತಿಕೊಂಡ.

"ಒಡೆದುಹೋದರೆ ಏನು ಗತಿಯೋ?" ಎಂದು ಪಿಸುಗುಟ್ಟಿದ.

"ಒಡೆದರೆ ಇಬ್ಬರನ್ನೂ ನೋಡಿ ನಗಲಿ ಬಿಡಣ್ಣ. ನಿನ್ನ ಜೊತೆ ನಾನೂ ತಲೆ ತಗ್ಗಿಸಿ ನಿಲ್ಲುತ್ತೇನೆ. ನೀನು ಹೆದರದೆ ಊದು" ಎಂದ ಎರಡನೆಯವನು.

ಹಿರಿಯ ಊದಿದ. ಸ್ವರ ಏರಿತು, ಇನ್ನೂ ಏರಿತು, ತುದಿಯನ್ನು ಮುಟ್ಟಿ ಅಲ್ಲೇ ನಿಂತಿತು. ಚೂರೂ ಅಲುಗಲಿಲ್ಲ. ಸಭೆಯ ಮೈಯೆಲ್ಲ ಜುಮ್ಮೆಂದಿತು. ಮೊದಲು ರಾಜ ಎದ್ದು ನಿಂತ, ಅವನ ಹಿಂದೆಯೇ ಎಲ್ಲರೂ ಎದ್ದರು. ರಾಜ ಹಾರ ತರಿಸಿ ತನ್ನ ಕೈಯಾರೆ ಹಿರಿಯನ ಕೊರಳಿಗೆ ಹಾಕಿದ. ಎರಡನೆಯವನ ಹೆಸರನ್ನು ಯಾರೂ ಎತ್ತಲಿಲ್ಲ. ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ. ಗೆದ್ದೆವು, ಗೆದ್ದೆವು ಎನ್ನುತ್ತ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಹಾಗಾದರೆ ಆ ಗೆಲುವಿನಲ್ಲಿ ಅರ್ಧ ಎರಡನೆಯವನದೇ ಅಲ್ಲವೇ, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಹೌದು, ಸೋಲಿನಲ್ಲಿ ಅರ್ಧವನ್ನು ಅವನು ಮೊದಲೇ ಕೇಳಿ ಪಡೆದಿದ್ದ; ನಾಳೆಯ ಸೋಲಿನಲ್ಲಿ ನಿನಗೆಷ್ಟು ಬೇಕು?"