ಕಾಲು ತಾಗಿದರೆ

"ಗುರುಗಳೇ, ಹಿರಿಯನಾದವನು ಕಿರಿಯನಲ್ಲಿ ಕ್ಷಮೆ ಕೇಳಬೇಕೆಂದು ಯಾವ ಶಾಸ್ತ್ರದಲ್ಲಿ ಹೇಳಿದೆ?"

ಕೇಳಿದವನು ಅನ್ನದಾನಯ್ಯ, ಮಠದ ಶಿಷ್ಯರಲ್ಲೆಲ್ಲ ಹಿರಿಯ, ಓದಿಕೊಂಡವನು. ಅವನು ಹೀಗೆ ಕೇಳಲು ಕಾರಣವಿತ್ತು. ಹೊಸದಾಗಿ ಬಂದು ಸೇರಿದ್ದ ಕೊಟ್ರೇಶನೆಂಬ ಶಿಷ್ಯ ಪೂಜೆಯ ಹೊತ್ತಿನಲ್ಲಿ ಮಂತ್ರವನ್ನು ತಪ್ಪಾಗಿ ಹೇಳಿದ್ದ. ಬಂದ ಭಕ್ತರೆಲ್ಲರ ಎದುರಿಗೆ ಅನ್ನದಾನಯ್ಯ, "ಮೊದಲು ಬಾಯಿ ತೊಳೆದುಕೊಂಡು ಬಾ, ಆಮೇಲೆ ದೇವರ ಹೆಸರು ಹೇಳುವಿಯಂತೆ" ಎಂದುಬಿಟ್ಟಿದ್ದ. ಸಂಜೆಯ ಭಜನೆಗೆ ತಾಳ ಹಾಕುತ್ತಿದ್ದವನು ಕೊಟ್ರೇಶನೇ. ಅಂದಿನಿಂದ ಭಜನೆ ತಾಳವಿಲ್ಲದೆ ನಡೆಯುತ್ತಿತ್ತು. ಅನ್ನದಾನಯ್ಯನಿಗೆ ಜಪದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಗುರುಗಳು ನಕ್ಕರು. "ಕೂತುಕೋ ಮಗು" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ತಂದೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ, ತಾಯಿ ಪಕ್ಕದಲ್ಲಿ ಕೂತು ರಾಟೆ ತಿರುಗಿಸುತ್ತ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದಳು. ದೊಡ್ಡ ಬುದ್ಧಿಯೇನಲ್ಲ. ಇದ್ದದ್ದನ್ನು ಹಂಚಿಕೊಂಡು ತಿನ್ನಿ. ತೆಗೆದುಕೊಂಡದ್ದನ್ನು ತೆಗೆದಲ್ಲೇ ಇಡಿ. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಿ.

ಒಂದು ದಿನ ಆಡುವಾಗ ಅಣ್ಣನ ಕಾಲು ತಮ್ಮನಿಗೆ ತಾಗಿತು. ಅಣ್ಣ ಸುಮ್ಮನೆ ನಿಂತ. ತಾಯಿ ನೋಡಿದಳು.

"ಅವನು ನನಗಿಂತ ಸಣ್ಣವನಲ್ಲವೇನಮ್ಮ?"

"ಕಾಲಿಗೆ ಸಣ್ಣವರು ದೊಡ್ಡವರು ಗೊತ್ತಾಗುತ್ತದೆಯೇನೋ? ತಾಗಿತೋ ಇಲ್ಲವೋ, ಅಷ್ಟು ನೋಡು."

ಅಣ್ಣ ಬಗ್ಗಿ ತಮ್ಮನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ತಮ್ಮ ದೇವರ ಹಾಗೆ ಕೈಯೆತ್ತಿ ಆಶೀರ್ವಾದ ಮಾಡಿದ. ತಾಯಿಗೆ ನಗು ತಡೆಯಲಾಗಲಿಲ್ಲ.

ಮಕ್ಕಳು ಬೆಳೆದರು. ತಾಯಿ ತಂದೆ ಶಿವನ ಪಾದ ಸೇರಿದರು. ಒಂದು ಸಲ ತಮ್ಮ ನೇಯ್ದ ಸೀರೆಯ ಸೆರಗಿನಲ್ಲಿ ಎಳೆ ತಪ್ಪಿತು. ಅಣ್ಣ ಅದನ್ನು ಬೀದಿಗೆ ಹಿಡಿದು ತಂದು, "ನೀನು ಮಗ್ಗಕ್ಕೆ ಕೂತರೆ ನೂಲಿಗೂ ನಾಚಿಕೆ" ಎಂದ. ಓಣಿಯವರು ನಕ್ಕರು. ತಮ್ಮ ಬೇರೆ ಮನೆ ಮಾಡಿದ. ಒಂದೇ ಓಣಿ, ಎದುರುಬದುರು ಬಾಗಿಲು, ಮಾತಿಲ್ಲ.

ಅಣ್ಣನಿಗೆ ಆಡಿದ ಮಾತು ಒಳಗೇ ಚುಚ್ಚುತ್ತಿತ್ತು. ಆದರೆ, ಹಿರಿಯ ನಾನು, ಅವನ ಬಾಗಿಲಿಗೆ ಹೋಗುವುದು ಹೇಗೆ ಎಂದುಕೊಂಡ. ಅದರ ಬದಲು ಉಪವಾಸ ಮಾಡಿದ. ಹರಕೆ ಹೊತ್ತ. ಶ್ರೀಶೈಲಕ್ಕೆ ನಡೆದು ಹೋಗಿ ಮಲ್ಲಯ್ಯನ ದರ್ಶನ ಮಾಡಿ ಬಂದ. ತಂದ ಪ್ರಸಾದವನ್ನು ತಮ್ಮನ ಮನೆಗೂ ಕಳಿಸಿದ, ಬೇರೆಯವರ ಕೈಯಲ್ಲಿ. ಪ್ರಸಾದ ದಾಟಿದ ಬೀದಿಯನ್ನು ತಾನು ದಾಟಲಿಲ್ಲ.

ಹೀಗಿರುವಾಗ ತಮ್ಮ ಮಗ್ಗ ಬಿಚ್ಚಿಕೊಂಡು ಹೆಂಡತಿಯ ಊರಿಗೆ ಹೋಗುತ್ತಾನೆಂಬ ಸುದ್ದಿ ಬಂತು. ಗಾಡಿಯನ್ನೂ ಗೊತ್ತುಮಾಡಿದ್ದ. ಹೊರಡುವ ಹಿಂದಿನ ದಿನ ಓಣಿಯ ಗುಡಿಯಲ್ಲಿ ಎಲ್ಲರಿಗೂ ಊಟವಿತ್ತು. ಅಣ್ಣ ತಡವಾಗಿ ಬಂದ. ತಮ್ಮ ಪಂಕ್ತಿಯಲ್ಲಿ ಕೂತಿದ್ದಾನೆಂದು ಅವನಿಗೆ ಗೊತ್ತಿತ್ತು. ಎಲ್ಲಿ ಮುಖ ಕಾಣುವುದೋ ಎಂದು ಗೋಡೆಯ ಕಡೆ ನೋಡುತ್ತ ಸಾಲುಗಳ ನಡುವೆ ನಡೆದ. ಹಾಗೆ ನೋಡದೆ ನಡೆದದ್ದರಿಂದ ಅವನ ಕಾಲು ಯಾರದೋ ಮೊಳಕಾಲಿಗೆ ತಾಗಿತು.

ಯಾರೆಂದು ನೋಡುವ ಮೊದಲೇ ಅವನ ಸೊಂಟ ಬಗ್ಗಿತ್ತು. ಕೈ ಹೋಗಿ ಮೊಳಕಾಲನ್ನು ಮುಟ್ಟಿ ಕಣ್ಣಿಗೆ ಬಂದಿತ್ತು. ಕಣ್ಣು ಬಿಟ್ಟರೆ ಎದುರಿಗೆ ತಮ್ಮನ ಮುಖ.

ಪಂಕ್ತಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು.

ತಮ್ಮ ಮೆಲ್ಲಗೆ ಕೇಳಿದ: "ನಾನು ಸಣ್ಣವನಲ್ಲವೇನಣ್ಣ?"

ಅಣ್ಣನಿಗೆ ತಾಯಿಯ ರಾಟೆಯ ಸದ್ದು ಕೇಳಿದ ಹಾಗಾಯಿತು. ಅವನು ಬಗ್ಗಿದ ಬೆನ್ನನ್ನು ಎತ್ತಲಿಲ್ಲ. "ಕಾಲು ತಾಗಿತಪ್ಪಾ" ಎಂದ. ಸ್ವಲ್ಪ ತಡೆದು, ಇನ್ನೊಮ್ಮೆ ತಮ್ಮನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಇದು ಅವತ್ತು ಬೀದಿಯಲ್ಲಿ ಆಡಿದ ಮಾತಿಗೆ."

ತಮ್ಮ ಪಕ್ಕಕ್ಕೆ ಸರಿದ. ತನ್ನ ಎಲೆಯನ್ನೂ ಸರಿಸಿಕೊಂಡು ಅಣ್ಣನಿಗೆ ಜಾಗ ಮಾಡಿದ. ಹುಗ್ಗಿಯ ಪಾತ್ರೆ ಹಿಡಿದು ಹಿಂದೆಯೇ ನಿಂತಿದ್ದ ಬಡಿಸುವವನು, "ಅಣ್ಣತಮ್ಮಂದಿರು ಮಿಕ್ಕದ್ದನ್ನು ಕೂತು ಮಾತಾಡಿಕೊಳ್ಳಿರಪ್ಪಾ, ನನ್ನ ಕೈ ಸುಡುತ್ತಿದೆ" ಎಂದ.

ಮರುದಿನ ಗಾಡಿ ಬಂತು, ಬರಿದಾಗಿಯೇ ಹೋಯಿತು. ಅದೇ ಓಣಿಯಲ್ಲಿ ಉದ್ದಕ್ಕೆ ಹಾಸಿದ ನೂಲಿನ ಒಂದು ತುದಿಯನ್ನು ಅಣ್ಣ ಹಿಡಿದಿದ್ದ, ಇನ್ನೊಂದು ತುದಿಯನ್ನು ತಮ್ಮ.

ಗುರುಗಳು ಕತೆ ಮುಗಿಸಿ ವಿಭೂತಿಯ ಬಟ್ಟಲನ್ನು ಅದರ ಜಾಗದಲ್ಲಿಟ್ಟರು. ಅನ್ನದಾನಯ್ಯನ ಕಣ್ಣು ಒದ್ದೆಯಾಗಿತ್ತು. ಆದರೂ ಓದಿದವನ ಮನಸ್ಸು, ಒಮ್ಮೆಲೇ ಬಿಡಲಿಲ್ಲ.

"ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಇದಕ್ಕೆ ಶಾಸ್ತ್ರದ ಆಧಾರ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಕಾಲು ತಾಗಿದರೆ ಕಣ್ಣಿಗೊತ್ತಿಕೋ ಎಂದು ನಿನ್ನ ತಾಯಿ ಹೇಳಿಕೊಟ್ಟ ದಿನ, ಅವಳನ್ನೂ ಆಧಾರ ಕೇಳಿದ್ದೆಯೇನು ಮಗು?"

ಅನ್ನದಾನಯ್ಯ ಎದ್ದು ಕೊಟ್ರೇಶನನ್ನು ಹುಡುಕಿಕೊಂಡು ಹೋದ. ಆ ಸಂಜೆಯ ಭಜನೆಯಲ್ಲಿ ತಾಳವಿತ್ತು.