ಮಾಟ್ಲಿಗೆ ಎರಡನೆಯವನು ಬಂದ ದಿನ

ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವೆ ಮಾಟ್ಲಿ ಎಂಬ ಪುಟ್ಟ ಹಳ್ಳಿ. ಅದರ ಮೇಲ್ಗಡೆ, ಬಂಡೆಗೆ ಒರಗಿಸಿ ಕಟ್ಟಿದ ಮರದ ಗುಡಿಸಲಿನಲ್ಲಿ ಪೂಜ್ಯ ತಪಸ್ವಿ ಔರೆಲ್ ಅವರು ವಾಸಿಸುತ್ತಿದ್ದರು. ಶಿಲುಬೆ, ಮಲಗಲು ಹಲಗೆ, ಒಂದು ಮೇಕೆ, ಇಷ್ಟೇ ಅವರ ಆಸ್ತಿ. ಉಪವಾಸ ಮಾಡುವವರು ಮುಖ ಗಂಟಿಕ್ಕಿಕೊಂಡೇ ಇರಬೇಕೆಂದು ತಿಳಿದವರು ಈ ಮಹನೀಯರ ನಗುವನ್ನು ನೋಡಬೇಕಿತ್ತು.

ಬೇಸಿಗೆ ಬಂದೊಡನೆ ಊರ ಹಸುಗಳೆಲ್ಲ ಒಂದೇ ಸಾಲಿನಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಹೊರಡುವುದು ಅಲ್ಲಿನ ಪದ್ಧತಿ. ಎಲ್ಲಕ್ಕಿಂತ ಗಟ್ಟಿಮುಟ್ಟಾದ ಹಸುವಿಗೆ ಹೂವಿನ ಕಿರೀಟ ತೊಡಿಸಿ ಮುಂದೆ ನಡೆಸುತ್ತಿದ್ದರು. ಆ ವರ್ಷ ಅಂಥ ಹಸು ವಿಧವೆ ವೆರೇನಾಳ ಕೊಟ್ಟಿಗೆಯಲ್ಲಿತ್ತು. ಊರ ಹಿರಿಯ ಮೆಲ್ಕಿಯೋರನಿಗೆ ಹೊಟ್ಟೆ ಉರಿಯಿತು. "ಈ ಊರಿಗೆ ಮೊದಲು ಬಂದವನು ನನ್ನ ಮುತ್ತಜ್ಜ. ಆಮೇಲೆ ಬಂದವರು ಹಿಂದೆಯೇ ನಡೆಯಲಿ" ಎಂದು ಅಡ್ಡ ನಿಂತ. "ಹಾಗಾದರೆ ನನ್ನ ಹಸು ಕೊಟ್ಟಿಗೆ ಬಿಟ್ಟು ಕದಲದು" ಎಂದಳು ವೆರೇನಾ. ಊರು ಎರಡು ಪಾಲಾಗಿ, ಸಾಲು ಹೊರಡಲೇ ಇಲ್ಲ. ಮೇಲೆ ಹುಲ್ಲು ಚಿಗುರಿ ನಿಂತಿದೆ, ಕೆಳಗೆ ಕೂಡಿಟ್ಟ ಒಣಹುಲ್ಲು ಮುಗಿದಿದೆ. ಹಸುಗಳು ಹಸಿದು ಅಂಬಾ ಎನ್ನುತ್ತಿದ್ದರೆ, ಹಠಕ್ಕೆ ಬಿದ್ದವರ ಕಿವಿಗೆ ಅದೆಲ್ಲಿ ಬಿದ್ದೀತು! ಕೆಚ್ಚಲುಗಳು ಬತ್ತತೊಡಗಿದವು.

ಊರವರ ಕಾಟ ತಾಳದೆ ಮೆಲ್ಕಿಯೋರ್ ನ್ಯಾಯ ಕೇಳಲು ಪೂಜ್ಯರ ಬಳಿಗೆ ಹೊರಟ. "ಮೇಕೆ ಸಾಕಿದವರಿಗೆ ಹಸುವಿನ ನ್ಯಾಯ ಏನು ಗೊತ್ತು" ಎಂದು ದಾರಿಯುದ್ದಕ್ಕೂ ಗೊಣಗುತ್ತಲೇ ಇದ್ದ.

ಪೂಜ್ಯರು ಅವನಿಗೆ ಒಂದು ಬಟ್ಟಲು ಹಾಲು ಕೊಟ್ಟು, "ನಿನ್ನ ಮುತ್ತಜ್ಜನ ಕಥೆ ಹೇಳು" ಎಂದರು.

ಮೆಲ್ಕಿಯೋರನಿಗೆ ಬೇಕಾಗಿದ್ದೂ ಅದೇ. ಉಬ್ಬಿ ಹೇಳತೊಡಗಿದ. ಮೊದಲ ಚಳಿಗಾಲ, ಮಾಡು ಮುಚ್ಚುವಷ್ಟು ಹಿಮ, ಬಾಗಿಲು ತೆರೆಯದು, ಒಳಗೆ ತುಂಬು ಗರ್ಭಿಣಿ ಹೆಂಡತಿ, ತಿನ್ನಲು ಏನೂ ಉಳಿದಿಲ್ಲ. "ಅಷ್ಟರಲ್ಲಿ ಹೊರಗಿನಿಂದ ಸಲಿಕೆಯ ಸದ್ದು ಕೇಳಿಸಿತಂತೆ, ಸ್ವಾಮಿಗಳೇ."

"ಯಾರ ಸಲಿಕೆ?"

ಮೆಲ್ಕಿಯೋರ್ ಬಟ್ಟಲನ್ನು ಕೆಳಗಿಟ್ಟು, "ವೆರೇನಾಳ ಮನೆತನದವನದು. ಆಗಷ್ಟೇ ಬೆಟ್ಟ ದಾಟಿ ಬಂದಿದ್ದ" ಎಂದ.

ಪೂಜ್ಯರು ನಕ್ಕರು. "ಮಗೂ, ನಿನ್ನ ಮುತ್ತಜ್ಜ ಬಂದಾಗ ಇಲ್ಲಿ ಒಂದು ಮನೆಯಾಯಿತು. ಎರಡನೆಯವನು ಬಂದ ದಿನ ಊರಾಯಿತು." ಇಷ್ಟು ಹೇಳಿ ಮೇಕೆಗೆ ಸೊಪ್ಪು ತರಲು ಎದ್ದರು.

ಮೆಲ್ಕಿಯೋರನ ಕಣ್ಣು ತುಂಬಿ ಬಂತು. ಬೆಟ್ಟ ಇಳಿದವನು ಮನೆಗೂ ಹೋಗದೆ ನೇರ ವೆರೇನಾಳ ಬಾಗಿಲಿಗೆ ನಡೆದ.

"ವೆರೇನಮ್ಮ, ಅಂದು ನಿಮ್ಮ ಹಿರಿಯರು ಹಿಮ ತೋಡದಿದ್ದರೆ ಇಂದು ಜಗಳ ಆಡೋದಕ್ಕೂ ನಾನಿರುತ್ತಿರಲಿಲ್ಲ. ನಿಮ್ಮ ಹಸುವೇ ಮುಂದೆ ನಡೆಯಲಿ."

ಆಕೆ ಸೆರಗಿನಂತೆ ಹೊದ್ದ ಶಾಲಿನಲ್ಲಿ ಕಣ್ಣೊರೆಸಿಕೊಂಡಳು. "ನಮ್ಮ ಹಿರಿಯರು ಆಗ ಹಿಮದಲ್ಲಿ ದಾರಿ ತಪ್ಪಿದ್ದರಂತೆ. ನಿಮ್ಮ ಒಲೆಯ ಹೊಗೆ ಕಂಡೇ ಬದುಕಿಕೊಂಡರಂತೆ. ಅದೆಲ್ಲ ಆಮೇಲೆ ಮಾತಾಡೋಣ, ಮೊದಲು ಹಸು ಬಿಚ್ಚಿ. ಪಾಪ, ಹಸಿದಿವೆ."

ಮರುದಿನ ಬೆಳಿಗ್ಗೆ ಸಾಲು ಗುಡಿಸಲಿನ ಮುಂದೆ ಹಾದಾಗ ಪೂಜ್ಯರು ಕೈಯೆತ್ತಿ ಹರಸಿದರು. ಎಲ್ಲರಿಗಿಂತ ಹಿಂದೆ, ಸೊಂಟದವರೆಗೂ ಸಗಣಿ ಸಿಡಿಸಿಕೊಂಡು, ಹಾಡುತ್ತ ನಡೆಯುತ್ತಿದ್ದವನು ಮೆಲ್ಕಿಯೋರ್.

ಮುಂದೆ ಮಕ್ಕಳು ಊರಿನ ಚರಿತ್ರೆ ಕೇಳಿದಾಗಲೆಲ್ಲ ಅವನು ಮುತ್ತಜ್ಜನಿಂದ ಆರಂಭಿಸುತ್ತಿರಲಿಲ್ಲ. "ಒಬ್ಬ ಮನುಷ್ಯ ಹಿಮದಲ್ಲಿ ದಾರಿ ತಪ್ಪಿ ಬಂದ. ಅವನು ನಮ್ಮ ಮನೆಯವನಲ್ಲ. ಅವನಿಂದ ನಾವಿದ್ದೇವೆ" ಎಂದೇ ಶುರುಮಾಡುತ್ತಿದ್ದ.